ಬ್ರೋಕರ್ ತಪ್ಪು ಮಾಡಿದ್ರೆ ಕೇಳೋರು ಯಾರು?

ಇವತ್ತಿನ ಮಾತನ್ನು ಒಂದು ಚೀಟಿಯಿಂದ ಶುರು ಮಾಡ್ತೀನಿ.

ನಮ್ಮ ಮನೆಯ ಕಬ್ಬಿಣದ ಬೀರುವಿನಲ್ಲಿ, ಅಪ್ಪನ ಎಲ್‌ಐಸಿ ಬಾಂಡುಗಳ ಕೆಳಗೆ, ಆ ಚೀಟಿ ಇವತ್ತಿಗೂ ಇದೆ. ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆ. ‘ಸೈಟಿನ ಬಾಬ್ತು ಟೋಕನ್ ಅಡ್ವಾನ್ಸ್ 50,000 ತಲುಪಿದೆ’ ಅಂತ ಬರೆದು ಕೆಳಗೊಂದು ಸಹಿ. ಬರೆದವನು ಬ್ರೋಕರ್. ಕೊಟ್ಟವರು ನಮ್ಮಪ್ಪ. ನಾನಾಗ ಎಂಜಿನಿಯರಿಂಗ್ ಕೊನೇ ವರ್ಷ. ಒಂದು ಹಳೇ ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟು ತೋರಿಸಿದ್ದ. ಟೋಕನ್ ಕೊಟ್ಟ ಮೇಲೆ ಗೊತ್ತಾಯ್ತು, ತನ್ನ ಸೈಟು ಮಾರಾಟಕ್ಕಿದೆ ಅನ್ನೋದು ಅದರ ಮಾಲೀಕನಿಗೇ ಗೊತ್ತಿರಲಿಲ್ಲ!

ಅಪ್ಪ ಆರು ತಿಂಗಳು ಅಲೆದರು. ಬ್ರೋಕರ್ ಮೊದಲು ‘ನಾಳೆ ಬನ್ನಿ ಸಾರ್’ ಅಂದ. ಆಮೇಲೆ ಫೋನ್ ಎತ್ತೋದನ್ನೇ ಬಿಟ್ಟ. ಪೊಲೀಸರು ‘ಇದು ಸಿವಿಲ್ ಮ್ಯಾಟರ್’ ಅಂದರು. ವಕೀಲರು ‘ಐವತ್ತು ಸಾವಿರಕ್ಕೆ ಇನ್ನೊಂದು ಐವತ್ತು ಖರ್ಚಾಗುತ್ತೆ, ಯೋಚನೆ ಮಾಡಿ’ ಅಂದರು. ಮುಂದಿನ ವರ್ಷ ಅದೇ ಬ್ರೋಕರ್ ಅದೇ ರಸ್ತೆಯಲ್ಲಿ ಇನ್ನೊಬ್ಬರಿಗೆ ಸೈಟು ತೋರಿಸ್ತಾ ಇದ್ದ. ಅವನ ವ್ಯಾಪಾರಕ್ಕೆ ಒಂದು ದಿನದ ರಜೆಯೂ ಬೀಳಲಿಲ್ಲ.

ಯಾಕೆ ಅಂತ ಕೇಳಿದ್ರಾ? ಡಾಕ್ಟರ್ ತಪ್ಪು ಮಾಡಿದ್ರೆ ಮೆಡಿಕಲ್ ಕೌನ್ಸಿಲ್ ಇದೆ. ವಕೀಲರು ತಪ್ಪು ಮಾಡಿದ್ರೆ ಬಾರ್ ಕೌನ್ಸಿಲ್‌ನ ಶಿಸ್ತು ಸಮಿತಿ ಇದೆ. ಚಾರ್ಟರ್ಡ್ ಅಕೌಂಟೆಂಟ್ ತಪ್ಪು ಮಾಡಿದ್ರೆ ಅವರ ಇನ್‌ಸ್ಟಿಟ್ಯೂಟ್ ಕೇಳುತ್ತೆ. ಇವರ ಕೈಯಿಂದ ಲೈಸೆನ್ಸ್ ಕಿತ್ತುಕೊಳ್ಳಬಹುದು. ಬ್ರೋಕರ್ ಕೈಯಿಂದ ಏನನ್ನ ಕಿತ್ತುಕೊಳ್ತೀರಿ? ಕೊಟ್ಟಿದ್ದರೆ ತಾನೇ ಕಿತ್ತುಕೊಳ್ಳೋದು! ಒಂದು ಮೊಬೈಲ್, ಒಂದು ಸ್ಕೂಟರ್, ನಾಲ್ಕು ಮಾತು ಇದ್ದರೆ ಯಾರು ಬೇಕಾದರೂ ಬ್ರೋಕರ್ ಆಗಬಹುದಿತ್ತು. ನಮ್ಮ ಕುಟುಂಬಗಳು ಜೀವನದಲ್ಲಿ ಮಾಡೋ ಅತಿ ದೊಡ್ಡ ಖರ್ಚು ಅಂದ್ರೆ ಮನೆ. ಆ ಖರ್ಚಿನ ಮಧ್ಯೆ ನಿಂತವನನ್ನ ಕೇಳೋರೇ ಇರಲಿಲ್ಲ.

ಇದು ಬದಲಾಗಿದ್ದು 2016ರಲ್ಲಿ. ಸಂಸತ್ತು ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ ಮಾಡಿತು. ನಾವೆಲ್ಲ ರೇರಾ ಅಂತ ಕರೆಯೋದು ಇದನ್ನೇ. 2017ರ ಮೇ 1ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಅದೇ ವರ್ಷ ಕರ್ನಾಟಕ ತನ್ನ ನಿಯಮಗಳನ್ನ ಹೊರಡಿಸಿತು. ರೇರಾ ಅಂದ ತಕ್ಷಣ ಎಲ್ಲರ ತಲೆಗೆ ಬರೋದು ಬಿಲ್ಡರ್. ಆದರೆ ಇದೇ ಕಾಯ್ದೆಯ 9 ಮತ್ತು 10ನೇ ಸೆಕ್ಷನ್ನುಗಳು ಬ್ರೋಕರ್‌ಗಳಿಗಾಗಿಯೇ ಇವೆ. ಕಾಯ್ದೆಯ ಭಾಷೆಯಲ್ಲಿ ಅವರು ‘ರಿಯಲ್ ಎಸ್ಟೇಟ್ ಏಜೆಂಟ್’.

9ನೇ ಸೆಕ್ಷನ್ ಏನು ಹೇಳುತ್ತೆ? ರೇರಾದಲ್ಲಿ ನೋಂದಣಿಯಾದ ಯೋಜನೆಯ ಫ್ಲಾಟು, ಸೈಟು ಮಾರಿಸಬೇಕು ಅಂದ್ರೆ ಏಜೆಂಟ್ ಕೂಡ ನೋಂದಣಿ ಮಾಡಿಸಿಕೊಂಡಿರಬೇಕು. ಅವನಿಗೊಂದು ನಂಬರ್ ಸಿಗುತ್ತೆ. ಮಾಡಿಸೋ ಪ್ರತಿಯೊಂದು ವ್ಯವಹಾರದಲ್ಲೂ ಆ ನಂಬರ್ ನಮೂದಿಸಬೇಕು. ಕರ್ನಾಟಕದಲ್ಲಿ ಏಜೆಂಟರ ನಂಬರಿನ ಮಧ್ಯೆ ‘ಎಜಿ’ ಅನ್ನೋ ಅಕ್ಷರ ಇರುತ್ತೆ, ಯೋಜನೆಯ ನಂಬರಿನಲ್ಲಿ ‘ಪಿಆರ್’ ಇರುತ್ತೆ. ಇದನ್ನ ನೆನಪಿಟ್ಟುಕೊಳ್ಳಿ. ಯಾಕಂದ್ರೆ ಎಷ್ಟೋ ಜನ ಬಿಲ್ಡರ್‌ನ ನಂಬರ್ ತೋರಿಸಿ ‘ನಮ್ದು ರೇರಾ ಅಪ್ರೂವ್ಡ್ ಸಾರ್’ ಅಂತಾರೆ. ಅದು ಕಟ್ಟಡದ ನಂಬರ್, ನಿಮ್ಮ ಮುಂದೆ ಕೂತವನದ್ದಲ್ಲ.

10ನೇ ಸೆಕ್ಷನ್ ಏಜೆಂಟ್ ಏನು ಮಾಡಬೇಕು, ಏನು ಮಾಡಬಾರದು ಅಂತ ಹೇಳುತ್ತೆ. ನೋಂದಣಿ ಆಗಬೇಕಾಗಿದ್ದೂ ಆಗದ ಯೋಜನೆಯನ್ನ ಮಾರಿಸಬಾರದು. ಲೆಕ್ಕಪತ್ರ ಇಟ್ಟಿರಬೇಕು. ಇಲ್ಲದ ಅನುಮೋದನೆ ಇದೆ ಅಂತ ಸುಳ್ಳು ಹೇಳಬಾರದು. ಬಾಯಲ್ಲಿ ಹೇಳಿದ ಸುಳ್ಳು ಕೂಡ ಸುಳ್ಳೇ ಅಂತ ಕಾಯ್ದೆ ಸ್ಪಷ್ಟವಾಗಿ ಹೇಳುತ್ತೆ. ಬುಕಿಂಗ್ ಸಮಯದಲ್ಲಿ ಗ್ರಾಹಕನಿಗೆ ಸಿಗಬೇಕಾದ ಎಲ್ಲ ಮಾಹಿತಿ, ಎಲ್ಲ ದಾಖಲೆ ಸಿಗೋ ಹಾಗೆ ನೋಡಿಕೊಳ್ಳಬೇಕು. ಈಗ ನಿಮ್ಮ ವಾಟ್ಸಾಪ್ ತೆಗೆದು ನೋಡಿ. ‘ಪ್ರೀ ಲಾಂಚ್ ಆಫರ್, ಇವತ್ತೇ ಬುಕ್ ಮಾಡಿ, ರೇರಾ ನಂಬರ್ ಮುಂದಿನ ತಿಂಗಳು ಬರುತ್ತೆ’ ಅಂತ ಒಂದಾದರೂ ಮೆಸೇಜ್ ಇದ್ದೇ ಇರುತ್ತೆ. ಸ್ವಾಮಿ, ನಂಬರ್ ಬರೋದಕ್ಕೆ ಮುಂಚೆ ಜಾಹೀರಾತು ಕೊಡೋ ಹಾಗೂ ಇಲ್ಲ, ಬುಕಿಂಗ್ ತಗೊಳ್ಳೋ ಹಾಗೂ ಇಲ್ಲ. ಆ ಮೆಸೇಜು ಆಫರ್ ಅಲ್ಲ. ಅದು ತಪ್ಪಿನ ಲಿಖಿತ ಸಾಕ್ಷಿ.

ಸರಿ, ತಪ್ಪು ಮಾಡಿದ. ಮುಂದೆ? 31ನೇ ಸೆಕ್ಷನ್ ಅಡಿಯಲ್ಲಿ ತೊಂದರೆಗೊಳಗಾದ ಯಾರು ಬೇಕಾದರೂ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಬಿಲ್ಡರ್ ಮೇಲಷ್ಟೇ ಅಲ್ಲ, ಏಜೆಂಟ್ ಮೇಲೂ ಕೊಡಬಹುದು. ವೆಬ್‌ಸೈಟಿನಲ್ಲೇ ದಾಖಲಿಸಬಹುದು. ಪ್ರಾಧಿಕಾರ ಏಜೆಂಟ್‌ಗೆ ನೋಟಿಸ್ ಕೊಡುತ್ತೆ, ಎರಡೂ ಕಡೆಯವರ ಮಾತು ಕೇಳುತ್ತೆ. ಷರತ್ತು ಉಲ್ಲಂಘನೆ ಆಗಿದೆ ಅಥವಾ ನೋಂದಣಿಯನ್ನೇ ಸುಳ್ಳು ಹೇಳಿ ಪಡೆದಿದ್ದಾನೆ ಅಂತ ಖಾತ್ರಿಯಾದ್ರೆ ನೋಂದಣಿಯನ್ನ ಅಮಾನತು ಮಾಡಬಹುದು, ಇಲ್ಲವೇ ರದ್ದು ಮಾಡಬಹುದು. ಆದರೆ ಅವನ ಅಹವಾಲು ಕೇಳದೆ ಮಾಡೋ ಹಾಗಿಲ್ಲ. ಇದು ನ್ಯಾಯವೇ. ದೂರು ಬಂದ ಮಾತ್ರಕ್ಕೆ ಯಾರೂ ಕಳ್ಳ ಆಗಲ್ಲ. ಆದೇಶ ಒಪ್ಪಿಗೆ ಆಗದಿದ್ರೆ 60 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಅಲ್ಲಿಂದ ಹೈಕೋರ್ಟಿಗೆ.

ಇನ್ನೊಂದು ಶಿಕ್ಷೆ ಇದೆ, ನನಗೆ ಬಹಳ ಇಷ್ಟವಾಗಿದ್ದು ಅದೇ. ನೋಂದಣಿ ರದ್ದಾದ ಏಜೆಂಟರ ಹೆಸರು, ಫೋಟೋ ಎರಡನ್ನೂ ಪ್ರಾಧಿಕಾರ ತನ್ನ ವೆಬ್‌ಸೈಟಿನಲ್ಲಿ ಜನರಿಗೆ ಕಾಣೋ ಹಾಗೆ ಇಡಬೇಕು. ಇವರದು ನಂಬಿಕೆ ಮೇಲೆ ನಡೆಯೋ ವ್ಯಾಪಾರ. ಅಂಥವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ ಹೇಳಿ?

ಈಗ ದಂಡದ ಲೆಕ್ಕ ಹಾಕೋಣ. ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ. 62ನೇ ಸೆಕ್ಷನ್ ಪ್ರಕಾರ 9 ಮತ್ತು 10ನೇ ಸೆಕ್ಷನ್ ಮುರಿದ ಏಜೆಂಟ್‌ಗೆ ದಿನಕ್ಕೆ 10,000 ರೂಪಾಯಿ ದಂಡ. ಗರಿಷ್ಠ ಮಿತಿ, ಅವನು ಮಾರಿಸಿದ ಆಸ್ತಿಯ ಬೆಲೆಯ ಶೇಕಡ 5. 60 ಲಕ್ಷದ ಫ್ಲಾಟು ಅಂದುಕೊಳ್ಳಿ. ಶೇಕಡ 5 ಅಂದ್ರೆ 3 ಲಕ್ಷ. ದಿನಕ್ಕೆ ಹತ್ತು ಸಾವಿರದ ಹಾಗೆ ಮೂವತ್ತೇ ದಿನದಲ್ಲಿ ಮಿತಿ ಮುಟ್ಟುತ್ತೆ. ಶೇಕಡ 2 ಕಮಿಷನ್ ಅಂತ ಹಿಡಿದರೆ ಅವನು ದುಡಿದಿದ್ದು 1 ಲಕ್ಷ 20 ಸಾವಿರ. ದಂಡ ಅದರ ಎರಡೂವರೆ ಪಟ್ಟು. ಕಾಗದದ ಮೇಲೆ ಈ ಲೆಕ್ಕ ಚೆನ್ನಾಗಿದೆ. ತಪ್ಪು ಮಾಡಿದ್ರೆ ನಷ್ಟವೇ ಆಗಬೇಕು, ಹಾಗೆ ಕಟ್ಟಿದ್ದಾರೆ.

ಆದರೆ ಇಲ್ಲೊಂದು ವಿಷಯ ನಮ್ಮ ಜನಕ್ಕೆ ಗೊತ್ತಿಲ್ಲ. ಈ ದಂಡದ ಹಣ ನಿಮಗೆ ಬರಲ್ಲ. ಅದು ಸರ್ಕಾರದ ಖಾತೆಗೆ ಹೋಗುತ್ತೆ. ಶಿಸ್ತು ಕ್ರಮ ಅಂದ್ರೆ ತಪ್ಪು ಮಾಡಿದವನನ್ನ ಕಣದಿಂದ ಹೊರಗೆ ಹಾಕೋದು, ಮುಂದಿನವರನ್ನ ಉಳಿಸೋದು. ನಿಮ್ಮ ದುಡ್ಡು ವಾಪಸ್ ಬರೋದು ಬೇರೆ ದಾರಿ. ಬಿಲ್ಡರ್ ಕೈಸೇರಿದ ಹಣಕ್ಕೆ ಬಡ್ಡಿ ಸಮೇತ ಮರುಪಾವತಿ ಕೇಳೋ ಹಕ್ಕು ಇದೇ ಕಾಯ್ದೆಯಲ್ಲಿದೆ, ಆದರೆ ಅದನ್ನ ದೂರಿನಲ್ಲಿ ಪ್ರತ್ಯೇಕವಾಗಿ ಕೇಳಿರಬೇಕು. ಏಜೆಂಟ್ ತನ್ನ ಜೇಬಿಗೇ ಹಾಕಿಕೊಂಡಿದ್ರೆ ಅದು ಕ್ರಿಮಿನಲ್ ವಿಷಯವೂ ಆಗಬಹುದು. ‘ಸಿವಿಲ್ ಮ್ಯಾಟರ್’ ಅಂತ ಸಾಗಹಾಕೋರಿಗೆ ಒಂದು ಮಾತು. 1860ರ ಭಾರತೀಯ ದಂಡ ಸಂಹಿತೆಯ 409ನೇ ಸೆಕ್ಷನ್ನಿನಲ್ಲೇ, ನಂಬಿ ಒಪ್ಪಿಸಿದ ಹಣ ನುಂಗಿದವರ ಪಟ್ಟಿಯಲ್ಲಿ ‘ಬ್ರೋಕರ್’ ಅನ್ನೋ ಪದ ಇತ್ತು. 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆಯ 316ನೇ ಸೆಕ್ಷನ್ನಿನಲ್ಲೂ ಅದು ಉಳಿದಿದೆ.

ಇನ್ನೂ ಒಂದು ತೊಡಕಿದೆ. ಆದೇಶ ಸಿಗೋದು ಬೇರೆ, ಹಣ ವಸೂಲಾಗೋದು ಬೇರೆ. ಪ್ರಾಧಿಕಾರದ ಆದೇಶವನ್ನ ಭೂಕಂದಾಯ ಬಾಕಿ ಥರ ವಸೂಲಿ ಮಾಡಬೇಕು. ಅಂದ್ರೆ ಫೈಲು ಕಂದಾಯ ಇಲಾಖೆಗೆ ಹೋಗುತ್ತೆ. ಗೆದ್ದ ಆದೇಶ ಕೈಯಲ್ಲಿ ಹಿಡಿದು ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಸವೆಸ್ತಾ ಇರೋರು ನಮ್ಮ ಸ್ಟುಡಿಯೋಗೂ ಫೋನ್ ಮಾಡ್ತಾರೆ. ಅವರಿಗೆ ನಾನು ಯಾವ ಸೆಕ್ಷನ್ ಹೇಳಲಿ?

ಈಗ ನಮ್ಮಪ್ಪನ ಚೀಟಿಗೆ ವಾಪಸ್ ಬರ್ತೀನಿ. ಈ ಮೋಸ ಇವತ್ತು ನಡೆದಿದ್ರೆ ರೇರಾ ಕೇಳ್ತಿತ್ತಾ? ಉತ್ತರ ಬೇಜಾರಾಗುತ್ತೆ. ಇಲ್ಲ. ಯಾಕಂದ್ರೆ ಕಾಯ್ದೆ ಹೇಳೋ ಏಜೆಂಟ್ ಅಂದ್ರೆ ಒಂದು ‘ಯೋಜನೆ’ಯೊಳಗಿನ ಆಸ್ತಿ ಮಾರಿಸೋನು. ಹಳೇ ಬಡಾವಣೆಯ ಒಂಟಿ ಸೈಟು, ಇಪ್ಪತ್ತು ವರ್ಷದ ಹಳೇ ಮನೆ, ಬಾಡಿಗೆ ಮನೆ, ಲೀಸು ಮನೆ, ಇವ್ಯಾವುವೂ ಅದರ ವ್ಯಾಪ್ತಿಗೆ ಬರಲ್ಲ. 500 ಚದರ ಮೀಟರ್ ಒಳಗಿನ ಜಾಗದ ಯೋಜನೆಗೂ, ಎಂಟು ಫ್ಲಾಟಿನೊಳಗಿನ ಯೋಜನೆಗೂ ನೋಂದಣಿ ಬೇಕಿಲ್ಲ. ಅಂದ್ರೆ ನಮ್ಮ ಬೀದಿಗಳಲ್ಲಿ ನಡೆಯೋ ಎಷ್ಟೋ ವ್ಯವಹಾರಗಳಲ್ಲಿ ಬ್ರೋಕರ್‌ನನ್ನ ಕೇಳೋರು ಇವತ್ತಿಗೂ ಇಲ್ಲ. ಅಲ್ಲಿ ನಿಮಗೆ ಉಳಿಯೋದು ಗ್ರಾಹಕರ ಆಯೋಗ, ಪೊಲೀಸು, ಸಿವಿಲ್ ಕೋರ್ಟು. ಅವು ಹಣ ಕೊಡಿಸಬಹುದು, ಜೈಲಿಗೂ ಕಳಿಸಬಹುದು. ಲೈಸೆನ್ಸ್ ಕಿತ್ತುಕೊಳ್ಳೋಕೆ ಆಗಲ್ಲ, ಯಾಕಂದ್ರೆ ಲೈಸೆನ್ಸೇ ಇಲ್ಲ.

ಬೇರೆ ಕಡೆ ಏನು ಮಾಡಿದ್ದಾರೆ? ಹರಿಯಾಣ 2008ರಲ್ಲೇ ಪ್ರಾಪರ್ಟಿ ಡೀಲರ್‌ಗಳಿಗೆ ಲೈಸೆನ್ಸ್ ಬೇಕು ಅಂತ ಕಾಯ್ದೆ ಮಾಡಿತ್ತು. ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ ಕಡ್ಡಾಯ ಮಾಡಿತು. ಪ್ರಮಾಣಪತ್ರ ಪಡೆಯದ ಸುಮಾರು 20 ಸಾವಿರ ಏಜೆಂಟರ ನೋಂದಣಿಯನ್ನ 2024ರಲ್ಲಿ ಅಮಾನತು ಮಾಡಿತು. ಸಿಂಗಪುರದಲ್ಲಿ 2010ರಿಂದ ಎಸ್ಟೇಟ್ ಏಜೆನ್ಸಿಗಳ ಕೌನ್ಸಿಲ್ ಇದೆ. ಅಲ್ಲಿ ಆಸ್ತಿ ಖರೀದಿಯ ಹಣವನ್ನ ಏಜೆಂಟ್ ಕೈಯಲ್ಲಿ ಮುಟ್ಟೋ ಹಾಗೇ ಇಲ್ಲ. ಒಂದೇ ವ್ಯವಹಾರದಲ್ಲಿ ಕೊಳ್ಳೋನ ಪರ, ಮಾರೋನ ಪರ ಎರಡೂ ಕಡೆ ನಿಲ್ಲೋ ಹಾಗಿಲ್ಲ. ನಮ್ಮಲ್ಲಿ ಎರಡೂ ಕಡೆ ಕಮಿಷನ್ ತಗೊಳ್ಳೋದು ಮಾಮೂಲು. ‘ಟೋಕನ್ ನನ್ ಕೈಗೇ ಕೊಡಿ, ಮಾಲೀಕರಿಗೆ ತಲುಪಿಸ್ತೀನಿ’ ಅನ್ನೋದೂ ಮಾಮೂಲು. ಆ ಒಂದು ನಿಯಮ ಇಲ್ಲಿದ್ದಿದ್ರೆ ನಮ್ಮ ಬೀರುವಿನಲ್ಲಿ ಆ ಚೀಟಿ ಇರ್ತಿರಲಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ, ನಾನು ಬ್ರೋಕರ್‌ಗಳ ವಿರೋಧಿ ಅಲ್ಲ. ಬೆಂಗಳೂರಿನಂಥ ಊರಿನಲ್ಲಿ ಅವರಿಲ್ಲದೆ ಒಂದು ಬಾಡಿಗೆ ಮನೆಯೂ ಸಿಗಲ್ಲ. ಖಾತಾ, ಇಸಿ, ಮೂಲ ಪತ್ರ ಎಲ್ಲ ತರಿಸಿ, ‘ಸಾರ್, ಈ ಸೈಟು ಬೇಡ, ಅಣ್ಣತಮ್ಮಂದಿರ ತಕರಾರಿದೆ’ ಅಂತ ತಮ್ಮ ಕಮಿಷನ್ ಬಿಟ್ಟುಕೊಟ್ಟು ಹೇಳೋ ಬ್ರೋಕರ್‌ಗಳನ್ನ ನಾನೇ ನೋಡಿದ್ದೀನಿ. ಮನೆ ತೋರಿಸಿದ ಮೇಲೆ ಮಾಲೀಕನೂ ಗಿರಾಕಿಯೂ ಒಂದಾಗಿ ಇವರಿಗೆ ಕಮಿಷನ್ ತಪ್ಪಿಸೋದೂ ಉಂಟು. ಶಿಸ್ತು ಕ್ರಮ ಅನ್ನೋದು ಇಂಥ ಪ್ರಾಮಾಣಿಕರ ವಿರುದ್ಧ ಅಲ್ಲ, ಇವರ ಪರ. ಕಳ್ಳನಿಗೂ ಇವರಿಗೂ ವ್ಯತ್ಯಾಸ ತೋರಿಸೋಕೆ ಇವರ ಕೈಯಲ್ಲೊಂದು ನಂಬರ್ ಬೇಕು.

ಹಾಗಾದ್ರೆ ನೀವು ಏನು ಮಾಡಬೇಕು? ಏಜೆಂಟ್‌ನ ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಅವನ ಎದುರಿಗೇ ಹುಡುಕಿ. ಯೋಜನೆಯ ನಂಬರ್ ಬೇರೆ, ಅದನ್ನೂ ನೋಡಿ. ಟೋಕನ್ ಆಗಲಿ ಅಡ್ವಾನ್ಸ್ ಆಗಲಿ ಬ್ರೋಕರ್ ಕೈಗೆ ನಗದು ಕೊಡಬೇಡಿ, ಮಾಲೀಕರ ಅಥವಾ ಬಿಲ್ಡರ್‌ನ ಖಾತೆಗೆ ಹಾಕಿ. ಯೋಜನೆಯ ಫ್ಲಾಟಾದರೆ, ಒಪ್ಪಂದ ನೋಂದಣಿಯಾಗೋ ಮುಂಚೆ ಶೇಕಡ 10ಕ್ಕಿಂತ ಹೆಚ್ಚು ಹಣ ತಗೊಳ್ಳೋ ಹಾಗಿಲ್ಲ, ಅದು 13ನೇ ಸೆಕ್ಷನ್. ಜಿಪಿಎ ಮೇಲೆ ಸೈಟು ಅಂತ ಯಾರಾದರೂ ಅಂದ್ರೆ, ಅದರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ ಅಂತ ನೆನಪು ಮಾಡಿ. ಬ್ರೋಷರ್, ವಾಟ್ಸಾಪ್, ಕಮಿಷನ್ ರಸೀದಿ ಯಾವುದನ್ನೂ ಅಳಿಸಬೇಡಿ. ಮೋಸ ಆಯ್ತು ಅಂತ ಅನ್ನಿಸಿದ್ರೆ ‘ಹೋಗಲಿ ಬಿಡು’ ಅನ್ನಬೇಡಿ.

ಸರ್ಕಾರಕ್ಕೆ ನನ್ನ ಪ್ರಶ್ನೆ ಒಂದೇ. ಯೋಜನೆಯ ಫ್ಲಾಟು ಮಾರಿಸೋನಿಗೆ ನೋಂದಣಿ ಬೇಕು, ಪಕ್ಕದ ಬೀದಿಯ ಸೈಟು ಮಾರಿಸೋನಿಗೆ ಬೇಡ, ಇದು ಯಾವ ನ್ಯಾಯ? ಕಳೆದುಹೋಗೋ ಹಣ ಎರಡೂ ಕಡೆ ಒಂದೇ ಥರದ್ದು. ಪಿಎಫ್ ತೆಗೆದಿದ್ದು, ಒಡವೆ ಅಡ ಇಟ್ಟಿದ್ದು, ಊರಿನ ಜಮೀನು ಮಾರಿದ್ದು.

‘ಆ ಚೀಟಿ ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಅಪ್ಪಾ, ಹರಿದು ಬಿಸಾಕಿ’ ಅಂತ ಒಂದು ಸಲ ಕೇಳಿದ್ದೆ. ‘ಇರಲಿ ಬಿಡೋ. ಯಾರಾದರೂ ಕೇಳೋಕೆ ಬಂದರೆ ತೋರಿಸೋಕೆ ಬೇಕಲ್ಲ’ ಅಂದರು. ಹದಿನೈದು ವರ್ಷವಾಗ್ತಾ ಬಂತು. ಇನ್ನೂ ಯಾರೂ ಬಂದಿಲ್ಲ.