ನೀರಿಗೆ ಮುನ್ನ ಕಾಲುವೆ

ಮುನವಳ್ಳಿಯ ಕಚೇರಿಯೊಂದರ ಮೇಜಿನ ಮೇಲೆ
ನಾಳೆ ಕೃತಕ ಬುದ್ಧಿಮತ್ತೆ ಬಂದು ನೆಲೆಸಿದರೆ,
ಇಂದು ಅಲ್ಲಿ ದುಡಿಯುತ್ತಿರುವವರ ಗತಿಯೇನು?

ಇಂಥ ಭೀತಿ ನಮ್ಮ ನಾಡಿಗೆ ಹೊಸತೇನಲ್ಲ.
ಸುಮಾರು 25 ವರ್ಷಗಳ ಹಿಂದೆ, ‘ಭೂಮಿ’ ಯೋಜನೆಯಲ್ಲಿ
2 ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿ,
ಗ್ರಾಮಲೆಕ್ಕಿಗರ ಕೈಬರಹದ ಪಹಣಿ ಅಸ್ತಂಗತವಾದಾಗಲೂ
ಆ ಹುದ್ದೆ ಉಳಿಯಿತು. ಕಾರ್ಯವು ರೂಪಾಂತರ ಹೊಂದಿತು.

ಆದರೆ 2024ರಲ್ಲಿ,
ಅದೇ ಹುದ್ದೆಯ ಇಂದಿನ ಗ್ರಾಮ ಆಡಳಿತಾಧಿಕಾರಿಗಳು,
ಆ್ಯಪ್‌ಗಳ ಮೇಲೆ ಆ್ಯಪ್‌ಗಳನ್ನು ಹೊರಿಸಿ
ತಕ್ಕ ಸಲಕರಣೆ ಕೊಡಲಿಲ್ಲವೆಂದು ಮುಷ್ಕರ ಹೂಡಿದರು.
ಅವರ ಅಳಲು ನ್ಯಾಯವಾದುದೆಂದೇ ನನ್ನ ಭಾವನೆ.

ಮುನವಳ್ಳಿಗೆ ಸಮೀಪದ ನವಿಲುತೀರ್ಥವನ್ನು ನೋಡಿರಿ:
ಮಲಪ್ರಭೆಯ ಅಣೆಕಟ್ಟು ಎಷ್ಟೇ ತುಂಬಿ ತುಳುಕಲಿ,
ಕಾಲುವೆಯಿಲ್ಲದ ಹೊಲಕ್ಕೆ ಆ ಜಲರಾಶಿಯಿಂದೇನು ಫಲ?
ಕೃತಕ ಬುದ್ಧಿಮತ್ತೆ ನೀರಾದರೆ, ತರಬೇತಿಯೇ ಆ ಕಾಲುವೆ.

ಅದನ್ನು ಕನ್ನಡದಲ್ಲಿ,
ಕಚೇರಿಯ ವೇಳೆಯಲ್ಲೇ,
ನೌಕರನು ತನ್ನದೇ ಕಡತವನ್ನು ಮುಂದಿಟ್ಟುಕೊಂಡು,
ತಪ್ಪಿದರೆ ದಂಡನೆಯೆಂಬ ಅಂಜಿಕೆಯಿಲ್ಲದೆ
ಕಲಿಯುವಂತೆ ಏರ್ಪಡಿಸಬೇಕು.

ಏಕೆಂದರೆ ಈ ಯಂತ್ರವು,
ತಿಳಿಯದುದನ್ನೂ ತಿಳಿದಂತೆ ನಿಸ್ಸಂಕೋಚವಾಗಿ ಬರೆದುಬಿಡುವುದುಂಟು.
ಸರ್ವೆ ನಂಬರಿನ ಒಂದೇ ಅಂಕಿ ತಪ್ಪಿದರೂ
ಒಬ್ಬ ರೈತನ ಹೊಲ ಮತ್ತೊಬ್ಬನ ಹೆಸರಿಗೆ ಸರಿದೀತು!
ಅದನ್ನು ಮೊದಲ ನೋಟಕ್ಕೇ ಹಿಡಿಯಬಲ್ಲವನು,
ಹಲವು ವರುಷ ಆ ಊರಿನ ಬದುಗಳನ್ನು ತುಳಿದ ಹಿರಿಯ ನೌಕರ.

ಆದುದರಿಂದ ತರಬೇತಿಯ ಮೊದಲ ಸಾಲಿನಲ್ಲಿ
ಅವನನ್ನೇ ಕೂರಿಸಿರಿ;
ಯಂತ್ರ ಬರೆದ ಕರಡಿನ ಮೇಲೆ,
ಕೊನೆಯ ಸಹಿಗೆ ಮುನ್ನ,
ಅವನ ಕಣ್ಣು ಹಾಯಲಿ.