ಗೆರೆ ಎಳೆದರಾಯ್ತೇ? ಅಳತೆ ಕೊಡೋರು ಯಾರು?

ಇಂಜಿನಿಯರಿಂಗ್ ಓದಿದವರು ಯಾರೂ ಮಿನಿ ಡ್ರಾಫ್ಟರನ್ನು ಮರೆತಿರಲಿಕ್ಕಿಲ್ಲ. ರಶ್ ಇರೋ ಸಿಟಿ ಬಸ್ಸಿನಲ್ಲಿ ಅದನ್ನು ಹಿಡಿದು ನಿಂತರೆ ಅಕ್ಕಪಕ್ಕದವರಿಗೆಲ್ಲ ಒಂದೊಂದು ತಿವಿತ ಗ್ಯಾರಂಟಿ! ಆಮೇಲೆ ಕೆ. ಆರ್. ಗೋಪಾಲಕೃಷ್ಣ ಅವರ ಪುಸ್ತಕ ಮುಂದಿಟ್ಟುಕೊಂಡು, ಪೆಂಟಗನಲ್ ಪ್ರಿಸಮ್ಮನ್ನು ಎಚ್.ಪಿ.ಗೆ ಇಷ್ಟು ಡಿಗ್ರಿ, ವಿ.ಪಿ.ಗೆ ಅಷ್ಟು ಡಿಗ್ರಿ ಅಂತ ವಾಲಿಸಿ ವಾಲಿಸಿ ಕೊನೆಗೆ ನಮ್ಮ ಕತ್ತೇ ವಾಲಿರುತ್ತಿತ್ತು.

ಆದರೆ ಒಂದು ವಿಷಯ ಗಮನಿಸಿದ್ದೀರಾ? ಆ ಲೆಕ್ಕಗಳಲ್ಲೆಲ್ಲ ಅಳತೆ ಪ್ರಶ್ನೆಯಲ್ಲೇ ಸಿದ್ಧವಾಗಿ ಬರುತ್ತಿತ್ತು. ಪಾದದ ಬದಿ 30 ಮಿ.ಮೀ., ಎತ್ತರ 60 ಮಿ.ಮೀ. ಅಂತ ಅವರು ಹೇಳೋರು, ನಾವು ಗೆರೆ ಎಳೆಯೋರು. ಕೆಲಸಕ್ಕೆ ಸೇರಿದ ಮೇಲೆ ಎಲ್ಲ ತಲೆಕೆಳಗು. ಈಗ ಅಳತೆ ಕೊಡಬೇಕಾದವರು ನಾವು. ಅದನ್ನು ನೋಡಿ ಲೋಹ ಕೊರೆಯುವವರು ಪೀಣ್ಯದಲ್ಲೋ, ಬೆಳಗಾವಿಯಲ್ಲೋ, ನಾನಿರುವ ಮಿಶಿಗನ್‌ನಲ್ಲೋ ಇರುತ್ತಾರೆ. ನಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಅವರಿಗೆ ಗೊತ್ತಿಲ್ಲ, ಕಾಗದದ ಮೇಲೆ ಇರೋದಷ್ಟೇ ಗೊತ್ತು.

ಮೊದಲು ಸುಲಭದ್ದು ನೋಡೋಣ. ಒಂದು ವಸ್ತುವನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಮೂರು ಚಿತ್ರ ಬರೆದರೆ ಅದೇ ಆರ್ಥೋಗ್ರಾಫಿಕ್ ಪ್ರೊಜೆಕ್ಷನ್. ಇಲ್ಲಿ ಉದ್ದ ಎದುರಿನ ನೋಟದಲ್ಲೂ ಮೇಲಿನ ನೋಟದಲ್ಲೂ ಕಾಣುತ್ತೆ. ಎತ್ತರ, ಅಗಲಗಳೂ ಹಾಗೇ, ಎರಡೆರಡು ಕಡೆ. ಆದರೆ ಅಳತೆ ಬರೆಯೋದು ಒಂದೇ ಕಡೆ. ಎರಡು ಕಡೆ ಬರೆದರೆ ಏನು ಗಂಟು ಹೋಗುತ್ತೆ ಅಂತೀರಾ? ಮುಂದಿನ ತಿಂಗಳು 20 ಇದ್ದದ್ದು 22 ಆಗುತ್ತೆ. ಒಂದು ಕಡೆ ತಿದ್ದುತ್ತಾರೆ, ಇನ್ನೊಂದು ಕಡೆ ಮರೀತಾರೆ. ಅಲ್ಲಿಗೆ ಕತೆ ಮುಗೀತು.

ಹಾಗಾದರೆ ಯಾವ ನೋಟದಲ್ಲಿ ಬರೀಬೇಕು? ಆಕಾರ ಎಲ್ಲಿ ಸ್ಪಷ್ಟವಾಗಿ ಕಾಣುತ್ತೋ ಅಲ್ಲಿ. ತೂತಿನ ಜಾಗವನ್ನು ಅದು ದುಂಡಗೆ ಕಾಣುವ ನೋಟದಲ್ಲಿ ಹೇಳಬೇಕು, ಒಳಗೆ ಅಡಗಿದ ಚುಕ್ಕೆಗೆರೆಗೆ ಅಳತೆ ತಗಲಿಸಬಾರದು. ಪೂರ್ತಿ ವೃತ್ತಕ್ಕೆ ವ್ಯಾಸ, ಕಮಾನಿಗೆ ತ್ರಿಜ್ಯ. ಅಮೆರಿಕದ ಎ.ಎಸ್.ಎಂ.ಇ. ಪದ್ಧತಿಯಲ್ಲಿ ಮೊದಲ ಅಳತೆಗೆರೆ ಚಿತ್ರದಿಂದ ಕನಿಷ್ಠ 10 ಮಿ.ಮೀ. ದೂರ, ಅದರಾಚೆಯವು 6 ಮಿ.ಮೀ. ಅಂತರ. ಇವೆಲ್ಲ ಊಟಕ್ಕೆ ಕೂತಾಗ ಎಲೆಯಲ್ಲಿ ಉಪ್ಪು ಎಲ್ಲಿ, ಪಲ್ಯ ಎಲ್ಲಿ ಅನ್ನೋ ಥರದ ಶಿಸ್ತು. ಬೇಗ ಕಲೀಬಹುದು.

ಕಷ್ಟ ಇರೋದು ಬೇರೆ ಕಡೆ. ಎಲ್ಲಿಂದ ಅಳೆಯೋದು?

ಅಡಿಕೆ ತೋಟ ಮಾಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. 9 ಅಡಿಗೊಂದು ಗುಂಡಿ ತೆಗೀಬೇಕು ಅಂತಿಟ್ಟುಕೊಳ್ಳಿ. 9 ಅಡಿ ಕೋಲು ಹಿಡಿದು, ಒಂದು ಗುಂಡಿಯಿಂದ ಮುಂದಿನ ಗುಂಡಿಗೆ, ಅಲ್ಲಿಂದ ಅದರ ಮುಂದಿನದಕ್ಕೆ ಅಳೀತಾ ಹೋದರೆ ಪ್ರತಿ ಸಲ ಒಂದಿಂಚು ಆಚೀಚೆ ಆಗುತ್ತೆ. ಇಪ್ಪತ್ತನೇ ಗುಂಡಿ ಹೊತ್ತಿಗೆ ಸಾಲು ಎಲ್ಲಿಗೆ ಹೋಗಿರುತ್ತೋ! ಅದೇ ಬೇಲಿಯ ಮೂಲೆಯಿಂದ ಉದ್ದಕ್ಕೆ ಹಗ್ಗ ಕಟ್ಟಿ 9, 18, 27 ಅಂತ ಗುರುತು ಹಾಕಿದರೆ ಯಾವ ಗುಂಡಿಯ ತಪ್ಪು ಆ ಗುಂಡಿಗೇ.

ಈಗ 120 ಮಿ.ಮೀ. ಉದ್ದದ ಒಂದು ತಗಡಿನ ಪ್ಲೇಟು, ಅದರಲ್ಲಿ ಐದು ತೂತು. ಎಡ ಅಂಚಿನಿಂದ ಮೊದಲ ತೂತಿಗೆ 20, ಅಲ್ಲಿಂದ ಒಂದೊಂದರ ನಡುವೆ 20. ಪ್ರತಿ ಅಳತೆಗೂ ±0.1 ವಿನಾಯಿತಿ, ಅಂದರೆ ಟಾಲರೆನ್ಸ್. ಕೋಲಿನ ಥರ ಸರಪಳಿಯಾಗಿ 20, 20, 20 ಅಂತ ಕೊಟ್ಟರೆ ಐದನೇ ತೂತು ಅಂಚಿನಿಂದ 99.5ರಿಂದ 100.5ರ ಒಳಗೆ ಎಲ್ಲಿ ಬೇಕಾದರೂ ಬೀಳಬಹುದು. ಹಗ್ಗದ ಥರ ಎಡ ಅಂಚಿನಿಂದಲೇ 20, 40, 60, 80, 100 ಅಂತ ಕೊಟ್ಟರೆ 99.9ರಿಂದ 100.1. ಚಿತ್ರ ಅದೇ, ಗೆರೆ ಅದೇ. ತಯಾರಾಗುವ ವಸ್ತು ಮಾತ್ರ ಬೇರೆ!

ಹಾಗಾದರೆ ಯಾವಾಗಲೂ ಒಂದೇ ಅಂಚಿನಿಂದ ಕೊಟ್ಟರಾಯ್ತು ಅಂತ ಹಿಗ್ಗಬೇಡಿ. ಆ ಪದ್ಧತಿಯಲ್ಲಿ ನಾಲ್ಕನೇ ಮತ್ತು ಐದನೇ ತೂತಿನ ನಡುವಿನ ಅಂತರ ±0.2 ಆಗುತ್ತೆ, ಸರಪಳಿಯಲ್ಲಾದರೆ ±0.1. ಆ ಎರಡು ತೂತುಗಳಲ್ಲಿ ಗೇರಿನ ಶಾಫ್ಟ್ ಕೂರಬೇಕು ಅಂದರೆ ಅವುಗಳ ನಡುವಿನ ಅಂತರವೇ ಮುಖ್ಯ, ಅದನ್ನೇ ನೇರವಾಗಿ ಬರೀಬೇಕು. ಐದೂ ತೂತು ಇನ್ನೊಂದು ಪ್ಲೇಟಿಗೆ ಬೋಲ್ಟ್ ಆಗಬೇಕು ಅಂದರೆ ಒಂದೇ ಕಡೆಯಿಂದ ಅಳೆಯೋದು ವಾಸಿ. ಆ ವಸ್ತು ಏನು ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲದೆ ಅಳತೆ ಕೊಡೋಕೆ ಆಗಲ್ಲ. ನನ್ನ ಪ್ರಕಾರ ಈ ಇಡೀ ವಿದ್ಯೆಯ ತಿರುಳು ಇಷ್ಟೇ.

ನಮ್ಮ ಟೂಲ್ ರೂಮಿನ ಹಿರಿಯ ಮೆಷಿನಿಸ್ಟ್ ಒಬ್ಬರು ಯಾವ ಡ್ರಾಯಿಂಗ್ ಕೊಟ್ಟರೂ ಮೊದಲು ಕೇಳ್ತಿದ್ದದ್ದು ಒಂದೇ ಪ್ರಶ್ನೆ: "ಇದನ್ನ ಎಲ್ಲಿ ಹಿಡೀಲಿ?" ವೈಸಿನಲ್ಲಿ ಯಾವ ಮುಖ ಒತ್ತಿ ಹಿಡೀಬೇಕು, ಯಾವುದನ್ನು ಸೊನ್ನೆ ಅಂದುಕೊಳ್ಳಬೇಕು ಅನ್ನೋದಕ್ಕೆ ಉತ್ತರ ಅಳತೆಗಳಲ್ಲೇ ಇರಬೇಕಂತೆ. ಆ ಸೊನ್ನೆಗೇ ಡೇಟಮ್ ಅಂತ ಹೆಸರು.

ಇನ್ನೊಂದು ಸಾಮಾನ್ಯ ಎಡವಟ್ಟು, ಧಾರಾಳತನ. ಮೇಲಿನ ಪ್ಲೇಟಿಗೇ ಆರು 20ಗಳನ್ನೂ ಬರೆದು, ಒಟ್ಟು 120 ಅಂತಲೂ ±0.1 ಸಮೇತ ಬರೆದರೆ? ಆರು ಕೂಡಿದರೆ ±0.6, ಒಟ್ಟಿನ ಅಳತೆ ಮಾತ್ರ ±0.1 ಅನ್ನುತ್ತೆ. ಯಾರ ಮಾತು ಕೇಳೋದು ಸ್ವಾಮಿ? ಒಂದು 20 ಬಿಟ್ಟುಬಿಡಬೇಕು, ಇಲ್ಲವೇ ಬರೀ ಮಾಹಿತಿಗೆ ಅಂತ ಕಂಸದೊಳಗೆ ಹಾಕಬೇಕು.

ಭಾರತದಿಂದ ಇಲ್ಲಿಗೆ ಬಂದವರು ಇನ್ನೊಂದು ನೆನಪಿಡಬೇಕು. ನಮ್ಮಲ್ಲಿ ಕಲಿಸೋದು ಫಸ್ಟ್ ಆಂಗಲ್, ಎದುರಿನ ನೋಟದ ಕೆಳಗೆ ಮೇಲಿನ ನೋಟ ಬರುತ್ತೆ. ಅಮೆರಿಕದಲ್ಲಿ ಥರ್ಡ್ ಆಂಗಲ್, ಮೇಲಿನ ನೋಟ ಮೇಲೇ. ಮೂಲೆಯಲ್ಲಿರುವ ಮೊಂಡು ಶಂಕುವಿನ ಚಿಹ್ನೆ ನೋಡದೆ ಕೆಲಸ ಶುರು ಮಾಡಿದರೆ ಎಡದ ತೂತು ಬಲಕ್ಕೆ ಹೋಗಿ, ಕನ್ನಡಿಯ ಬಿಂಬದಂಥ ವಸ್ತು ತಯಾರಾಗಬಹುದು. ಅಳತೆ ಒಂದೊಂದೂ ಸರಿ, ವಸ್ತು ಮಾತ್ರ ಗುಜರಿಗೆ. ಸಣ್ಣ ವರ್ಕ್‌ಶಾಪಿನವರಿಗೆ ಇನ್ನೂರು ಪೀಸ್ ವಾಪಸ್ ಬಂದರೆ ಆ ತಿಂಗಳ ಸಂಬಳಕ್ಕೇ ಕುತ್ತು.

"ಈಗ 3ಡಿ ಮಾಡೆಲ್ ಇದೆಯಲ್ಲ, ಬಟನ್ ಒತ್ತಿದರೆ ಅಳತೆ ತಾನೇ ಬರುತ್ತೆ" ಅಂತ ಹುಡುಗರು ಹೇಳ್ತಾರೆ. ನಿಜ, ಕಾಗದವೇ ಇಲ್ಲದೆ ಮಾಡೆಲ್ಲಿನ ಮೇಲೇ ಅಳತೆ ಕೊಡುವುದಕ್ಕೂ 2003ರಿಂದ ಎ.ಎಸ್.ಎಂ.ಇ. ನಿಯಮಾವಳಿ ಇದೆ. ಆದರೆ ಮಾಡೆಲ್ಲಿಗೆ ಗೊತ್ತಿರೋದು ತೂತು 100ರಲ್ಲಿದೆ ಅಂತ ಮಾತ್ರ. ಎಷ್ಟು ಹೆಚ್ಚುಕಮ್ಮಿ ಆದರೆ ನಡೆಯುತ್ತೆ, ಯಾವ ಮುಖದಿಂದ ಅಳೀಬೇಕು ಅನ್ನೋದನ್ನ ಮನುಷ್ಯರೇ ಯೋಚಿಸಿ ಹೇಳಬೇಕು.

ಈಗ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಸಣ್ಣ ಅಭ್ಯಾಸ. ಮನೆಯ ಬಾಗಿಲಿನ ಚಿಲಕವನ್ನೋ, ಕಿಟಕಿಯ ಹಿಂಜನ್ನೋ ತಗೊಂಡು ಎರಡು ನೋಟ ಬರೆದು ಅಳತೆ ಕೊಡಿ. ವಸ್ತುವನ್ನು ಅಡಗಿಸಿಟ್ಟು, ಆ ಹಾಳೆಯನ್ನು ಸ್ನೇಹಿತರಿಗೆ ಕೊಟ್ಟು ಬೇರೆ ಹಾಳೆಯಲ್ಲಿ ಬರೆಯೋಕೆ ಹೇಳಿ. ಅವರು ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಬರೆದು ಮುಗಿಸಿದರೆ ನೀವು ಪಾಸು. ಪ್ರಶ್ನೆ ಬಂದರೆ ಅದನ್ನು ಬರೆದಿಟ್ಟುಕೊಳ್ಳಿ, ನೀವು ಕೊಡದೆ ಬಿಟ್ಟ ಅಳತೆ ಅದೇ.