ವಿದ್ಯುನ್ಮಾನ ಭಿತ್ತಿಪತ್ರದ ರಚನೆ ಮತ್ತು ಸಮರ್ಪಣೆ

೧. ಪ್ರಸ್ತಾವನೆ

ವಿದ್ವತ್ಸಭೆಗಳಲ್ಲಿ ಪ್ರಬಂಧವನ್ನು ನಿಂತು ಓದುವುದೊಂದೇ ಮರ್ಯಾದೆಯ ಮಾರ್ಗವೆಂದೂ, ಗೋಡೆಗೆ ಹಾಳೆಯನ್ನಂಟಿಸಿ ಅದರ ಬಳಿ ನಿಲ್ಲುವುದು ಎರಡನೆಯ ಪಂಕ್ತಿಯವರ ಕೆಲಸವೆಂದೂ ನಮ್ಮಲ್ಲಿ ಅನೇಕರ ಭಾವನೆ. ಈ ಲೇಖಕನೂ ಬಹುಕಾಲ ಹಾಗೆಯೇ ಭಾವಿಸಿದ್ದನು. ಆದರೆ ಈಗಿನ ವೈಜ್ಞಾನಿಕ ಸಮ್ಮೇಲನಗಳಲ್ಲಿ ಸಾವಿರಾರು ಮಂದಿ ನೆರೆಯುವುದುಂಟು. ಅಷ್ಟು ಮಂದಿಗೂ ವೇದಿಕೆಯ ಮೇಲೆ ಕಾಲವನ್ನು ಹಂಚುವುದು ಶಕ್ಯವಲ್ಲ. ಆದುದರಿಂದ ಬಹುಮಂದಿ ತಮ್ಮ ಸಂಶೋಧನೆಯನ್ನು ಒಂದು ಪಟದ ರೂಪದಲ್ಲಿ ಸಭೆಯ ಮುಂದಿಡುತ್ತಾರೆ. ಆ ಪಟವು ಕಾಗದದ ಮೇಲಿದ್ದರೆ ಭಿತ್ತಿಪತ್ರ, ಗಣಕಯಂತ್ರದಲ್ಲಿ ಸಿದ್ಧವಾಗಿ, ಅಂತರ್ಜಾಲದ ಮೂಲಕ ಸಮ್ಮೇಲನದವರ ಕೈಸೇರಿ, ತೆರೆಯ ಮೇಲೆ ಮೂಡುವುದಾದರೆ ವಿದ್ಯುನ್ಮಾನ ಭಿತ್ತಿಪತ್ರ, ಲೋಕರೂಢಿಯಲ್ಲಿ ಇ-ಪೋಸ್ಟರು.

ಶಾಸನ, ಹಸ್ತಪ್ರತಿ, ಭಾಷಾಚರಿತ್ರೆಗಳಲ್ಲಿ ಕೆಲಸಮಾಡುವ ನಮ್ಮವರಿಗೂ ಖಗೋಳಚರಿತ್ರೆ, ಗಣಕಶಾಸ್ತ್ರ, ಭಾಷಾವಿಜ್ಞಾನಗಳ ಸಮ್ಮೇಲನಗಳಲ್ಲಿ ಈಗ ಈ ದ್ವಾರವು ತೆರೆದಿದೆ. ಅದನ್ನು ಪ್ರವೇಶಿಸುವ ಕ್ರಮವನ್ನು ತಿಳಿಯದೆ ಹೋದರೆ ಆಗುವ ನಷ್ಟವೇನೆಂಬುದನ್ನು ಸ್ವಾನುಭವದಿಂದಲೇ ಹೇಳುವೆನು. ಕೆಲವು ವರ್ಷಗಳ ಕೆಳಗೆ ಒಂದು ಸಮ್ಮೇಲನಕ್ಕೆ ನಾನೂ ನನ್ನ ತರುಣಮಿತ್ರರೊಬ್ಬರೂ ಸೇರಿ ಒಂದು ಇ-ಪೋಸ್ಟರನ್ನು ಕಳುಹಿಸಿದೆವು. ಒಂದು ಓಲೆಗರಿಯ ಲಿಪಿಕಾರನು ೞಕಾರವನ್ನೂ ಳಕಾರವನ್ನೂ ಬೇರೆಬೇರೆಯಾಗಿ ಉಳಿಸಿಕೊಂಡಿದ್ದನೆ ಇಲ್ಲವೆ ಎಂಬುದೇ ಅದರ ವಿಷಯ. ಹಳಗನ್ನಡದಲ್ಲಿ ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ, ಭೇದವು ಅಲ್ಪವಾದುದಲ್ಲ. ಸಭಾಂಗಣಕ್ಕೆ ಹೋಗಿ ತೆರೆಯನ್ನು ನೋಡುತ್ತೇವೆ—ೞಕಾರವಿದ್ದ ಕಡೆಗಳಲ್ಲೆಲ್ಲಾ ಒಂದೊಂದು ಬರಿಯ ಚೌಕ! ದೂರದೇಶದ ವಿದ್ವಾಂಸರೊಬ್ಬರು ಬಹು ವಿನಯದಿಂದ, “ಈ ಚೌಕಾಕಾರದ ಅಕ್ಷರದ ಉಚ್ಚಾರಣೆ ಹೇಗೆ?” ಎಂದು ಕೇಳಿದರು. ಎರಡು ವರ್ಷಗಳ ಶ್ರಮವು ಆ ಚೌಕಗಳೊಳಗೆ ಅಡಗಿಹೋಗಿದ್ದಿತು. ತಪ್ಪು ಸಮ್ಮೇಲನದವರದಲ್ಲ, ನಮ್ಮದೇ. ಅಂದಿನಿಂದ ಈ ಕಲೆಯನ್ನು ಕ್ರಮವಾಗಿ ಅಭ್ಯಾಸಮಾಡಬೇಕಾಯಿತು. ಅದರ ಸಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಪ್ರಯೋಜನ.

೨. ಪೂರ್ವಚರಿತ್ರೆ

ಭಿತ್ತಿಪತ್ರಗೋಷ್ಠಿಯು ಪುರಾತನವಾದುದಲ್ಲ. ಯೂರೋಪಿನ ಜೀವರಸಾಯನ ಸಂಘಗಳ ಒಕ್ಕೂಟವು ೧೯೬೯ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ನಡೆಸಿದ ಸಭೆಯನ್ನು ಅಂತರರಾಷ್ಟ್ರೀಯ ಸಮ್ಮೇಲನಗಳಲ್ಲಿ ಇದರ ಆರಂಭವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅಮೆರಿಕದಲ್ಲಿ ೧೯೭೪ರ ಮಿನಿಯಾಪೊಲಿಸ್ ಸಭೆಯಿಂದ ಇದು ಬೇರೂರಿತು. ಕಾಗದದಿಂದ ತೆರೆಗೆ ಬಂದುದು ಈ ಶತಮಾನದಲ್ಲಿ. ವಿಯೆನ್ನಾದಲ್ಲಿ ನೆರೆಯುವ ಯೂರೋಪಿನ ವಿಕಿರಣಶಾಸ್ತ್ರ ಸಮ್ಮೇಲನದವರು ೨೦೦೩ರಲ್ಲಿ ‘ಈಪೋಸ್’ ಎಂಬ ವ್ಯವಸ್ಥೆಯನ್ನು ಏರ್ಪಡಿಸಿದರು. ಅಲ್ಲಿಯ ಪಟಗಳು ಸಭೆ ಮುಗಿದ ಮೇಲೂ ಅಳಿಯದೆ, ಒಂದೊಂದಕ್ಕೂ ಸ್ಥಿರವಾದ ಗುರುತುಸಂಖ್ಯೆಯನ್ನು ಪಡೆದು, ಬೇರೆ ಲೇಖನಗಳಲ್ಲಿ ಉಲ್ಲೇಖಿಸುವುದಕ್ಕೆ ಯೋಗ್ಯವಾಗಿ ಉಳಿಯುತ್ತವೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ಜನರು ಒಂದೆಡೆ ಸೇರುವುದೇ ಅಸಾಧ್ಯವಾದಾಗ, ಎಷ್ಟೋ ಸಮ್ಮೇಲನಗಳು ಈ ರೂಪವನ್ನೇ ಆಶ್ರಯಿಸಿದುವು.

೩. ಲಕ್ಷಣ

ನಮ್ಮವರು ಮಾಡುವ ಮೊದಲನೆಯ ತಪ್ಪು ಪಟವನ್ನು ಪ್ರಬಂಧದ ಸಂಕ್ಷೇಪವೆಂದು ತಿಳಿಯುವುದು. ಇಪ್ಪತ್ತು ಪುಟಗಳ ಲೇಖನವನ್ನು ಹಿಂಡಿ ಒಂದು ತೆರೆಯಲ್ಲಿ ತುಂಬಿದರೆ ಅದು ಇರುವೆಯ ಸಾಲಾಗುವುದೇ ಹೊರತು ಭಿತ್ತಿಪತ್ರವಾಗದು.

ಸಂಸ್ಕೃತಪಾಠಶಾಲೆಗಳಲ್ಲಿ ಓದಿದವರಿಗೆ ವಾದವನ್ನು ಹೂಡುವ ಎರಡು ಕ್ರಮಗಳು ಪರಿಚಿತವಾಗಿವೆ. ಮೊದಲನೆಯದು ಮೀಮಾಂಸಕರ ಅಧಿಕರಣ: ವಿಷಯ, ಸಂಶಯ, ಪೂರ್ವಪಕ್ಷ—ಇವುಗಳನ್ನೆಲ್ಲಾ ದಾಟಿದ ಮೇಲೆ ಸಿದ್ಧಾಂತ. ಎರಡನೆಯದು ನೈಯಾಯಿಕರ ಪರಾರ್ಥಾನುಮಾನ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಐದು ಅವಯವಗಳುಳ್ಳದ್ದು. ಅಧಿಕರಣದಲ್ಲಿ ಸಾಧಿಸಬೇಕಾದ ಅರ್ಥವು ಕೊನೆಯ ಭಾಗಕ್ಕೆ ಸೇರುತ್ತದೆ. ನ್ಯಾಯಪ್ರಯೋಗದಲ್ಲಿ ಅದು ಮೊಟ್ಟಮೊದಲು ಬರುತ್ತದೆ. ನಮ್ಮ ಪ್ರಬಂಧಗಳು ಅಧಿಕರಣದ ಜಾತಿಯವು. ಗುರುವಿನ ಮುಂದೆ ಕುಳಿತ ಶಿಷ್ಯನಂತೆ ವಾಚಕನು ಕೊನೆಯ ತನಕ ಕಾದಿರುವನೆಂಬ ಭರವಸೆಯಿಂದ ಅವನ್ನು ಬರೆದಿರುತ್ತೇವೆ. ಪಟವನ್ನು ನೋಡುವವನು ಕುಳಿತಿರುವುದಿಲ್ಲ, ನಡೆಯುತ್ತಿರುತ್ತಾನೆ. ಒಂದು ಕ್ಷಣ ನೋಡಿ, ನಿಲ್ಲಬೇಕೆ ಮುಂದೆ ಹೋಗಬೇಕೆ ಎಂದು ನಿರ್ಣಯಿಸುತ್ತಾನೆ. ಅವನಿಗೆ ಮೊದಲು ಪೂರ್ವಪಕ್ಷವನ್ನು ತೋರಿಸಿದರೆ ಅದನ್ನೇ ಸಿದ್ಧಾಂತವೆಂದು ತಿಳಿದು ಹೊರಟುಹೋಗುವ ಅಪಾಯವೂ ಉಂಟು. ಆದುದರಿಂದ ಭಿತ್ತಿಪತ್ರವು ಪರಾರ್ಥಾನುಮಾನವೇ ಆಗಿರತಕ್ಕದ್ದು. ಪ್ರತಿಜ್ಞೆಯು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಇರತಕ್ಕದ್ದು. ೨೦೧೯ರಲ್ಲಿ ಅಮೆರಿಕದ ಮನಶ್ಶಾಸ್ತ್ರವಿದ್ಯಾರ್ಥಿ ಮೈಕ್ ಮಾರಿಸನ್ ಎಂಬವರು ಪಟದ ನಡುವೆ ಮುಖ್ಯನಿರ್ಣಯವನ್ನು ಒಂದೇ ಸರಳವಾಕ್ಯದಲ್ಲಿ ದೊಡ್ಡದಾಗಿ ಬರೆಯಬೇಕೆಂದು ಸೂಚಿಸಿದಾಗ ವಿಜ್ಞಾನಿಗಳಲ್ಲಿ ದೊಡ್ಡ ಚರ್ಚೆಯಾಯಿತು. ನ್ಯಾಯಶಾಸ್ತ್ರವನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

೪. ಒಂದು ದೃಷ್ಟಾಂತ

ಮಾತು ಸ್ಪಷ್ಟವಾಗುವಂತೆ ಒಂದು ಪಟವನ್ನು ಇಲ್ಲಿಯೇ ರಚಿಸಿ ನೋಡೋಣ. ವಿಷಯವು ಹೊಸದಲ್ಲ, ವಿದ್ವಾಂಸರೆಲ್ಲರೂ ಬಲ್ಲದ್ದೇ. ಕ್ರಮವನ್ನು ತೋರಿಸುವುದಕ್ಕಾಗಿ ಮಾತ್ರ ಇದನ್ನು ಆರಿಸಿಕೊಂಡಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವೊಂದಿದೆ. ಅದರಲ್ಲಿ ಶಕವರ್ಷ ೫೦೦, ಕಾರ್ತಿಕ ಪೂರ್ಣಿಮೆ ಎಂಬ ಕಾಲನಿರ್ದೇಶವಿದೆ. ಈ ೫೦೦ ನಡೆಯುತ್ತಿರುವ ವರ್ಷವೋ ಕಳೆದ ವರ್ಷವೋ ಎಂಬುದು ಸಂಶಯ.

ಪ್ರತಿಜ್ಞೆ: ಬಾದಾಮಿಯ ಮೂರನೆಯ ಗುಹೆಯ ಶಾಸನದ ಕಾಲವು ಕ್ರಿ.ಶ. ೫೭೮.

ಹೇತು: ಶಕರಾಜನ ಅಭಿಷೇಕದಿಂದ ಐದುನೂರು ವರ್ಷಗಳು ಕಳೆದುಹೋಗಿರಲಾಗಿ ಎಂದು ಶಾಸನವೇ ಹೇಳುವುದರಿಂದ.

ಉದಾಹರಣೆ: ಕಳೆದ ಶಕವರ್ಷಕ್ಕೆ ೭೮ನ್ನು ಕೂಡಿಸಿದರೆ, ಆಗ ನಡೆಯುವ ವರ್ಷವು ಪ್ರಾರಂಭವಾದ ಕ್ರಿಸ್ತಾಬ್ದವು ಬರುತ್ತದೆ, ಐಹೊಳೆಯ ಶಾಸನದಲ್ಲಿರುವಂತೆ. ಅಲ್ಲಿ ಕಳೆದ ಶಕ ೫೫೬ ಎಂದೂ, ಭಾರತಯುದ್ಧದಿಂದ ಕಳೆದ ವರ್ಷ ೩೭೩೫ ಎಂದೂ ಎರಡು ಗಣನೆಗಳಿವೆ. ಮೊದಲನೆಯದಕ್ಕೆ ೭೮ನ್ನು ಕೂಡಿಸಿದರೂ, ಎರಡನೆಯದನ್ನು ಕಲಿಗಣನೆಯೆಂದಿಟ್ಟುಕೊಂಡು ೩೧೦೧ನ್ನು ಕಳೆದರೂ, ಬರುವುದು ೬೩೪ ಒಂದೇ.

ಉಪನಯ: ಬಾದಾಮಿಯ ಶಾಸನದಲ್ಲಿಯೂ ಅಂತಹುದೇ ಕಳೆದ ವರ್ಷದ ಗಣನೆಯಿದೆ, ಕಾರ್ತಿಕವು ಜನವರಿಗೆ ಮೊದಲೇ ಬರುವುದರಿಂದ ಮುಂದಿನ ಕ್ರಿಸ್ತಾಬ್ದಕ್ಕೆ ಸರಿಯುವ ಪ್ರಸಂಗವಿಲ್ಲ.

ನಿಗಮನ: ಆದುದರಿಂದ ಈ ಗುಹೆಯ ಕಾಲವು ನಿಶ್ಚಿತ, ಆ ಕಾಲದ ಇತರ ಶಿಲ್ಪಗಳನ್ನು ಅಳೆಯುವುದಕ್ಕೆ ಇದು ಮಾನದಂಡವಾಗಬಲ್ಲುದು.

ಪಟದ ಮೇಲ್ಭಾಗದಲ್ಲಿ ಪ್ರತಿಜ್ಞೆ, ಎಡಕ್ಕೆ ಕಾಲನಿರ್ದೇಶವುಳ್ಳ ಪಂಕ್ತಿಯ ಛಾಯಾಚಿತ್ರ ಮತ್ತು ಹೇತು, ಬಲಕ್ಕೆ ಎರಡು ಗಣನೆಗಳು ಒಂದೇ ವರ್ಷದಲ್ಲಿ ಸಂಧಿಸುವುದನ್ನು ತೋರಿಸುವ ರೇಖಾಚಿತ್ರ, ಕೆಳಗೆ ನಿಗಮನ. ಪೂರ್ವಪಕ್ಷಕ್ಕೆ—ವರ್ತಮಾನ ಶಕವೆಂದು ಹಿಡಿದರೆ ೫೭೭ ಆಗುವುದೆಂಬುದಕ್ಕೆ—ಒಂದು ಸಣ್ಣ ಮೂಲೆ ಸಾಕು. ಅದನ್ನು ಪೂರ್ತಿಯಾಗಿ ಬಿಡುವುದೂ ಸರಿಯಲ್ಲ. ಬಲ್ಲವನು ಅದನ್ನೇ ಮೊದಲು ಹುಡುಕುತ್ತಾನೆ.

೫. ಬಾಹ್ಯರೂಪ

ತೆರೆಯ ಮೇಲಿನ ಪಟವು ಸಾಮಾನ್ಯವಾಗಿ ಅಡ್ಡವಾದುದು. ಅಗಲಕ್ಕೂ ಎತ್ತರಕ್ಕೂ ೧೬ಕ್ಕೆ ೯ರ ಪ್ರಮಾಣ, ೧೯೨೦ ಬಿಂದುಗಳ ಅಗಲ, ೧೦೮೦ ಬಿಂದುಗಳ ಎತ್ತರ ಎಂಬುದು ಹೆಚ್ಚಾಗಿ ಕಂಡುಬರುವ ಅಳತೆ. ಕೆಲವರು ಒಂದೇ ಪುಟವನ್ನೂ, ಕೆಲವರು ಹಲವು ಪುಟಗಳನ್ನೂ, ಕೆಲವರು ಒಂದೆರಡು ನಿಮಿಷಗಳ ಧ್ವನಿಮುದ್ರಿಕೆಯನ್ನೂ ಕೇಳುತ್ತಾರೆ. ಸಮ್ಮೇಲನದವರು ಮಾದರಿಯನ್ನು ಕೊಟ್ಟಿದ್ದರೆ ಅದನ್ನು ಮೀರಕೂಡದು. ಬರೆದುದನ್ನು ಗಣಕದ ತೆರೆಯಲ್ಲಿ ಪೂರ್ತಿಯಾಗಿ ಹರಡಿ ಆರೇಳು ಅಡಿ ಹಿಂದೆ ಸರಿದು ಓದಿನೋಡಬೇಕು. ಓದಲಾಗದ ಪಂಕ್ತಿಯನ್ನು ದೊಡ್ಡದು ಮಾಡುವುದಕ್ಕಿಂತ ತೆಗೆದುಹಾಕುವುದೇ ಅನೇಕವೇಳೆ ಲೇಸು. ಕೆಂಪು ಹಸುರುಗಳ ಭೇದವು ಕಾಣದ ಕಣ್ಣುಳ್ಳವರು ಪ್ರತಿಯೊಂದು ಸಭೆಯಲ್ಲಿಯೂ ಇರುವುದರಿಂದ, ಆ ಎರಡು ಬಣ್ಣಗಳ ಭೇದದ ಮೇಲೆಯೇ ಅರ್ಥವನ್ನು ನಿಲ್ಲಿಸಕೂಡದು. ಛಾಯಾಚಿತ್ರದಲ್ಲಿ ಅಳತೆಗೋಲು ಇರಬೇಕು. ಅದನ್ನು ತೆಗೆದವರ ಮತ್ತು ಮೂಲವಸ್ತುವನ್ನಿಟ್ಟುಕೊಂಡಿರುವವರ ಅನುಮತಿಯನ್ನು ಪಡೆದಿರಬೇಕು. ವಿವರವಾದ ಪಾಠ, ಪಾಠಾಂತರ, ಕೋಷ್ಟಕಗಳನ್ನು ಬೇರೆ ಕಡತದಲ್ಲಿಟ್ಟು, ಕೈಫೋನಿನಿಂದ ಓದಬಹುದಾದ ಚೌಕುಳಿಯ ಕ್ಯೂಆರ್ ಸಂಕೇತವೊಂದನ್ನು ಪಟದ ಅಂಚಿನಲ್ಲಿಟ್ಟರೆ ಬೇಕಾದವರು ಅಲ್ಲಿಗೆ ಹೋಗುತ್ತಾರೆ.

೬. ಅಕ್ಷರರಕ್ಷಣೆ

ಕನ್ನಡಿಗರು ಹೆಚ್ಚು ಎಚ್ಚರದಿಂದಿರಬೇಕಾದ ಸ್ಥಳವಿದು. ಮೊದಲು ಬಳಕೆಯಲ್ಲಿದ್ದ ಎಷ್ಟೋ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನಿಟ್ಟಂತಹವು. ಆ ಫಾಂಟು ಇಲ್ಲದ ಯಂತ್ರದಲ್ಲಿ ನಮ್ಮ ಬರಹವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತದೆ. ಯೂನಿಕೋಡ್ ಎಂಬ ವಿಶ್ವಸಂಕೇತವು ೧೯೯೧ರಲ್ಲಿ ಹೊರಟ ತನ್ನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವನ್ನು ಕೊಟ್ಟಿತು. ಈಗ ಬರೆಯುವುದೆಲ್ಲಾ ಅದರಲ್ಲಿಯೇ ಇರಬೇಕು. ಆದರೆ ಅಷ್ಟರಿಂದಲೇ ಕೆಲಸವು ಮುಗಿಯುವುದಿಲ್ಲ. ಯೂನಿಕೋಡು ಅಕ್ಷರದ ಗುರುತನ್ನು ಮಾತ್ರ ಕೊಡುತ್ತದೆ. ಆಕೃತಿಯನ್ನು ಕೊಡುವುದು ಫಾಂಟು, ಒತ್ತಕ್ಷರವನ್ನು ಕೆಳಗಿಳಿಸಿ ಜೋಡಿಸುವುದು ಯಂತ್ರದೊಳಗಿನ ಕ್ರಮವಿಧಿ. ಇವುಗಳಲ್ಲಿ ಒಂದು ಕೆಟ್ಟರೂ ‘ಶಾಸ್ತ್ರ’ವು ತುಂಡುತುಂಡಾಗುತ್ತದೆ.

ನಮ್ಮ ಚೌಕಗಳ ಕಾರಣವೂ ಇದೇ. ತಿದ್ದಬಹುದಾದ ಕಡತವನ್ನು ಹಾಗೆಯೇ ಕಳುಹಿಸಿದ್ದೆವು, ಅಲ್ಲಿಯ ಯಂತ್ರವು ನಮ್ಮ ಫಾಂಟು ಸಿಕ್ಕದೆ ತನ್ನ ಫಾಂಟನ್ನು ಹಾಕಿಕೊಂಡಿತು, ಅದರಲ್ಲಿ ೞಕಾರವಿರಲಿಲ್ಲ. ಈ ಅಕ್ಷರದ ಅದೃಷ್ಟವೇ ವಿಚಿತ್ರವಾದುದು. ಯೂನಿಕೋಡಿನ ಪಟ್ಟಿಯಲ್ಲಿ ಇದಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದುಹೋಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬ ನಿಯಮವಿರುವುದರಿಂದ ಅದು ಹಾಗೆಯೇ ನಿಂತು, ಸರಿಯಾದ ಹೆಸರು ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿದೆ.

ಪರಿಹಾರವು ಕಷ್ಟವಲ್ಲ. ಪಟವನ್ನು ಪಿಡಿಎಫ್ ರೂಪಕ್ಕೆ ತಂದು ಫಾಂಟನ್ನು ಅದರೊಳಗೇ ಅಡಕಮಾಡಬೇಕು. ಆ ಫಾಂಟಿಲ್ಲದ ಬೇರೊಂದು ಯಂತ್ರದಲ್ಲಿ ತೆರೆದು, ಱ, ೞ, ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ತಿದ್ದಬಹುದಾದ ಕಡತವನ್ನೇ ಕಡ್ಡಾಯವಾಗಿ ಕೇಳುವ ಕಡೆಗಳಲ್ಲಿ ಕನ್ನಡಪಾಠವನ್ನು ಚಿತ್ರವನ್ನಾಗಿ ಮಾಡಿ ಸೇರಿಸಬೇಕಾಗುತ್ತದೆ. ಚಿತ್ರದೊಳಗಿನ ಅಕ್ಷರವನ್ನು ಯಂತ್ರವು ಹುಡುಕಲಾರದಾದ್ದರಿಂದ ರೋಮನ್ ಲಿಪ್ಯಂತರವನ್ನು ಜೊತೆಗೆ ಕೊಡತಕ್ಕದ್ದು. ಲಿಪ್ಯಂತರದಲ್ಲಿಯೂ ವಿವೇಕವು ಬೇಕು. ಸಂಸ್ಕೃತಕ್ಕಾಗಿ ರೂಢಿಯಲ್ಲಿರುವ ಪದ್ಧತಿಯಲ್ಲಿ ಎಕಾರ ಏಕಾರಗಳಿಗೆ ಭೇದವಿಲ್ಲ; ಕೆಳಗೆ ಬಿಂದುವಿಟ್ಟ ‘ಎಲ್’ ಅಕ್ಷರವು ಌಕಾರಕ್ಕೆ ಸಲ್ಲುವುದರಿಂದ ಳಕಾರದೊಡನೆ ಗೊಂದಲವಾಗುತ್ತದೆ. ೨೦೦೧ರಲ್ಲಿ ಪ್ರಕಟವಾದ ಐಎಸ್ಒ ೧೫೯೧೯ ಎಂಬ ಪದ್ಧತಿಯಲ್ಲಿ ಳಕಾರಕ್ಕೆ ಬಿಂದು, ಌಕಾರಕ್ಕೆ ಸಣ್ಣ ಉಂಗುರ, ೞಕಾರಕ್ಕೆ ಅಡಿಗೆರೆ, ಹ್ರಸ್ವದೀರ್ಘಗಳಿಗೂ ಭೇದವುಂಟು. ಕನ್ನಡಕ್ಕೆ ಇದೇ ಯೋಗ್ಯವಾದುದು.

೭. ಸಮರ್ಪಣೆ

ಸಮರ್ಪಣೆಯು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ನಿಯಮಿತಪದಗಳ ಸಾರಲೇಖವನ್ನು ಕಳುಹಿಸಬೇಕು; ಪರೀಕ್ಷಕರು ಅಂಗೀಕರಿಸಿದ ಮೇಲೆ ಪಟವನ್ನು. ಸಾರಲೇಖದಲ್ಲಿ ಹೇಳಿದ ನಿರ್ಣಯಕ್ಕೂ ಪಟದ ಪ್ರತಿಜ್ಞೆಗೂ ವಿರೋಧವಿರಕೂಡದು; ನಡುವೆ ಮತವು ಬದಲಾಗಿದ್ದರೆ ಅದನ್ನು ಪಟದಲ್ಲಿ ಬಾಯಿಬಿಟ್ಟು ಹೇಳತಕ್ಕದ್ದು. ಸಹಲೇಖಕರೆಲ್ಲರ ಒಪ್ಪಿಗೆ, ಹೆಸರುಗಳ ಒಂದೇ ಬಗೆಯ ಅಕ್ಷರಸಂಯೋಜನೆ, ಧನಸಹಾಯದ ಉಲ್ಲೇಖ—ಇವುಗಳನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಗಡುವಿನ ವಿಚಾರದಲ್ಲಿ ದೇಶಕಾಲಗಳ ಭೇದವನ್ನು ಮರೆಯಕೂಡದು. ಟೋಕಿಯೋದ ನಡುರಾತ್ರಿಯು ನಮ್ಮ ರಾತ್ರಿ ಎಂಟೂವರೆಯ ಹೊತ್ತು. ಚಳಿಗಾಲದ ವಿಯೆನ್ನಾದ ನಡುರಾತ್ರಿಯು ನಮ್ಮ ಬೆಳಗಿನ ನಾಲ್ಕೂವರೆ. ‘ಭೂಮಿಯ ಮೇಲೆ ಎಲ್ಲಿಯಾದರೂ’ ಎಂಬ ಪದ್ಧತಿಯಲ್ಲಿ ಹೇಳಿದ ದಿನದ ಮುಕ್ತಾಯವು ನಮಗೆ ಮರುದಿನ ಸಂಜೆ ಐದೂವರೆ. ಹೀಗಿದ್ದರೂ ಎರಡು ದಿನ ಮುಂಚೆಯೇ ಕಳುಹಿಸಿ, ಅಲ್ಲಿ ಏರಿದ ಪ್ರತಿಯನ್ನು ಮರಳಿ ಇಳಿಸಿಕೊಂಡು ಓದಿನೋಡುವುದೇ ಬುದ್ಧಿವಂತರ ಮಾರ್ಗ. ನಾವು ಕಳುಹಿಸಿದ್ದು ಮುಖ್ಯವಲ್ಲ, ಅವರಿಗೆ ಕಾಣುವುದು ಮುಖ್ಯ.

೮. ಉಪಸಂಹಾರ

ಮರುವರ್ಷ ಅದೇ ವಿಷಯವನ್ನು ಬೇರೊಂದು ಸಮ್ಮೇಲನದಲ್ಲಿ ಮಂಡಿಸಿದೆವು. ತೆರೆಯ ಮೇಲೆ ಪ್ರತಿಜ್ಞೆಯು ಒಂದೇ ವಾಕ್ಯದಲ್ಲಿತ್ತು. ಅದರ ಕೆಳಗೆ ಓಲೆಗರಿಯ ಎರಡು ಪದಗಳು ಹಿರಿದಾಗಿ ಕಾಣುತ್ತಿದ್ದುವು—ಬಾೞ್, ಬಾಳ್. ತಮಿಳು ಬಲ್ಲ ವಿದ್ವಾಂಸರೊಬ್ಬರು ನಿಂತರು. ನಮ್ಮ ವಾದದಲ್ಲಿ ಒಂದು ದೋಷವನ್ನು ತೋರಿಸಿಕೊಟ್ಟರು. ಅರ್ಧಗಂಟೆ ಚರ್ಚೆ ನಡೆಯಿತು. ಆ ತಿದ್ದುಪಡಿಯಿಂದ ನಮ್ಮ ಲೇಖನವು ಉತ್ತಮವಾಯಿತು. ಚೌಕಗಳ ಮುಂದೆ ನಿಂತಿದ್ದ ದಿನ ನಮ್ಮನ್ನು ಖಂಡಿಸುವುದಕ್ಕೂ ಯಾರಿಗೂ ಸಾಧ್ಯವಾಗಿರಲಿಲ್ಲ.

ಭಿತ್ತಿಪತ್ರದ ಫಲವು ಇದೇ. ಅದು ಪ್ರಶಂಸೆಗಾಗಿ ತೂಗುಹಾಕಿದ ಬಿರುದಾವಳಿಯಲ್ಲ. ವಾದಕ್ಕೆ ಕರೆದು ಕೊಡುವ ವೀಳ್ಯ. ನಮ್ಮ ಹಸ್ತಪ್ರತಿಗಳಲ್ಲಿಯೂ ಶಾಸನಗಳಲ್ಲಿಯೂ ಲೋಕದ ವಿದ್ವಾಂಸರೊಡನೆ ವಿಚಾರಮಾಡಬೇಕಾದ ಸಂಗತಿಗಳು ಎಷ್ಟೋ ಇವೆ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಪ್ರಬಂಧರಚನೆಯ ಜೊತೆಗೆ ಇದನ್ನೂ ಅಭ್ಯಾಸಮಾಡಿಸಬೇಕೆಂದು ವಿಜ್ಞಾಪನೆ. ಒಂದು ವಾಕ್ಯದಲ್ಲಿ ಪ್ರತಿಜ್ಞೆಯನ್ನು ಹೇಳಲು ಕಲಿತ ವಿದ್ಯಾರ್ಥಿಗೆ ತಾನು ಏನನ್ನು ಸಾಧಿಸಬೇಕಾಗಿದೆಯೆಂಬುದು ಆಗಲೇ ತಿಳಿದಿರುತ್ತದೆ.